ಮೊಲದ ಬಟ್ಟಲು ಕೊಳ್ಳುವಾಗ ಮೊದಲು ಅಂಚನ್ನು ನೋಡಿ

ಮೊಮ್ಮಗಳ ಹಟಕ್ಕೆ ಸೋತು ಒಂದು ಜೋಡಿ ಮೊಲಗಳನ್ನು ಮನೆಗೆ ತಂದ ಮೊದಲ ವಾರ, ಅಡುಗೆಮನೆಯಲ್ಲಿ ಹೆಚ್ಚಾಗಿದ್ದ ಸ್ಟೀಲ್ ಬಟ್ಟಲುಗಳನ್ನೇ ಅವುಗಳ ಮುಂದೆ ಇಟ್ಟಿದ್ದೆ. ಮೊಲಗಳು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾಲ್ಕೂವರೆ ಗಂಟೆಗೆ ಮೊಸಾಯಿಕ್ ನೆಲದ ಮೇಲೆ ಪಾತ್ರೆ ಉರುಳಿದ ಸದ್ದಿಗೆ ಕಳ್ಳನೇ ಬಂದನೆಂದು ನಮ್ಮ ಯಜಮಾನರು ದೀಪ ಹಾಕಿ ನೋಡಿದರೆ, ಗಂಡು ಮೊಲವು ಬಟ್ಟಲನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ, ಕತ್ತು ಕೊಡವಿ ಎಸೆದು, ಅದು ಬಿದ್ದಲ್ಲಿಗೆ ಹೋಗಿ ಮತ್ತೆ ಎತ್ತುತ್ತಿತ್ತು. ಕೆಳಗಿನ ಮನೆಯವರು ಬೆಳಿಗ್ಗೆ ಬಹಳ ಸೌಜನ್ಯದಿಂದಲೇ ವಿಚಾರಿಸಿದರು.

ಭಾರವಾದ ಬಟ್ಟಲನ್ನು ತಂದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತ್ರ ಸರಿ. ಮೊಲವು ಬಟ್ಟಲನ್ನು ಎತ್ತುವುದು ಕಾಲಿನಿಂದಲ್ಲ, ಅಂಚನ್ನು ಬಾಚಿಹಲ್ಲಿನ ನಡುವೆ ಹಿಡಿದು. ಆದ್ದರಿಂದ ತೆಳುವಾದ, ಹೊರಕ್ಕೆ ಮಡಿಸಿದ ಅಂಚಿರುವ ಬಟ್ಟಲು ಎಷ್ಟೇ ತೂಕವಿದ್ದರೂ ಒಂದು ಬದಿಯಿಂದ ಎತ್ತಿ ಮಗುಚುವುದಕ್ಕೆ ಅದಕ್ಕೆ ಕಷ್ಟವಾಗುವುದಿಲ್ಲ. ಅಂಗಡಿಯಲ್ಲಿ ನಾನು ಮೊದಲು ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತೇನೆ: ಅದು ದಪ್ಪವಾಗಿ, ದುಂಡಗೆ, ಸಾಧ್ಯವಾದರೆ ಸ್ವಲ್ಪ ಒಳಕ್ಕೆ ಬಾಗಿರಬೇಕು. ಬಳಿಕ ಬುಡವನ್ನು ನೋಡುತ್ತೇನೆ. ಬಾಯಿಗಿಂತ ಬುಡ ಅಗಲವಾಗಿದ್ದು, ಗೋಡೆ ಮೇಲಕ್ಕೆ ಹೋದಂತೆ ಕಿರಿದಾಗುವ ಬಟ್ಟಲನ್ನು ಮೊಲವು ಅಂಚಿನ ಮೇಲೆ ಮುಂಗಾಲೂರಿ ನಿಂತರೂ ಮಗುಚಲಾರದು. ಈ ಎರಡೂ ಸರಿಯಿದ್ದ ಮೇಲೆ ತೂಕದ ಮಾತು, ಅರ್ಧ ಕೆ.ಜಿ.ಗಿಂತ ಹಗುರವಾದುದನ್ನು ನಾನು ಕೊಳ್ಳುವುದಿಲ್ಲ.

ಯಾವುದರಿಂದ ಮಾಡಿದ್ದು ಎಂಬುದರಲ್ಲಿ ಪ್ಲಾಸ್ಟಿಕ್ಕನ್ನು ಮೊದಲೇ ಬಿಟ್ಟುಬಿಡಬೇಕು. ಮೊಲದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಅದು ಎದುರಿಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ನುಂಗಿದ ಚೂರನ್ನು ವಾಂತಿ ಮಾಡಿ ಹೊರಹಾಕುವ ಶಕ್ತಿ ಅದಕ್ಕಿಲ್ಲ. ಸ್ಟೀಲ್ ಸ್ವಚ್ಛವಾದುದೇ, ಆದರೆ ಗೂಡಿನ ಜಾಲರಿಗೆ ಕೊಕ್ಕೆಯಿಂದಲೋ ತಿರುಪಿನಿಂದಲೋ ಬಿಗಿಯುವಂಥದ್ದಾದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೂಕುಂಡದ ಅಡಿಗೆ ಇಡುವ ಮಣ್ಣಿನ ತಟ್ಟೆ ಅಗ್ಗವೆಂದು ಹಲವರು ಕೊಳ್ಳುತ್ತಾರೆ. ಅದರ ಅಂಚು ತೆಳು, ಎರಡು ಸಲ ಉರುಳಿದರೆ ಚಕ್ಕೆ ಏಳುತ್ತದೆ, ಬಣ್ಣ ಬಳಿದದ್ದಾದರೆ ಆ ಬಣ್ಣದಲ್ಲಿ ಸೀಸವಿರುವ ಸಂಭವವೂ ಉಂಟು. ನನ್ನ ಅನುಭವದಲ್ಲಿ ದಪ್ಪ ಪಿಂಗಾಣಿ ಬಟ್ಟಲಿಗೆ ಸಮನಾದುದು ಬೇರೊಂದಿಲ್ಲ, ನಮ್ಮ ಅಟ್ಟದ ಮೇಲೆ ಮರೆತುಹೋಗಿರುವ ಕಲ್ಲಿನ ಮರಿಗೆಯೊಂದನ್ನು ಬಿಟ್ಟರೆ. ಅಂಥ ಮರಿಗೆ ನಿಮ್ಮಲ್ಲಿದ್ದರೆ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ; ಆದರೆ ಅದರಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಿರಾದರೆ ಕಲ್ಲು ಉಪ್ಪನ್ನೂ ಎಣ್ಣೆಯನ್ನೂ ಹೀರಿಕೊಂಡಿರುತ್ತದೆ. ಅದನ್ನು ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸುತ್ತಾ ಹೋಗಿ, ನಾಲಗೆಗೆ ಉಪ್ಪು ತಾಗದಂತಾದ ಮೇಲೆಯೇ ಮೊಲದ ಮುಂದಿಡಬೇಕು.

ಗಾತ್ರದ ವಿಷಯದಲ್ಲಿ ದೊಡ್ಡದಿದ್ದರೆ ಒಳ್ಳೆಯದೆಂಬ ಭ್ರಮೆ ಬೇಡ. ಮೊಲದ ಮುಖ್ಯ ಆಹಾರ ಒಣಹುಲ್ಲು, ಅದಕ್ಕೆ ಬಟ್ಟಲೇ ಬೇಡ, ಮಲ ಹಾಕುವ ತಟ್ಟೆಯ ಪಕ್ಕದಲ್ಲಿ ಹುಲ್ಲಿನ ಬುಟ್ಟಿ ತೂಗುಹಾಕಿದರೆ ಸಾಕು, ಏಕೆಂದರೆ ಅದು ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ಮೇವು, ಆದರೋ ಬೆಳೆದ ಮೊಲಕ್ಕೆ ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಅಷ್ಟಕ್ಕೆ ಒಂದು ಗೇಣಿಗಿಂತ ಕಿರಿದಾದ, ನಾಲ್ಕೈದು ಸೆಂಟಿಮೀಟರ್ ಆಳದ ಬಟ್ಟಲು ಧಾರಾಳವಾಯಿತು. ಆಳ ಹೆಚ್ಚಾಗಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ: ಮೊಲಕ್ಕೆ ತನ್ನ ಮೂಗಿನ ತುದಿಯ ಮುಂದಿರುವುದು ಕಾಣಿಸುವುದಿಲ್ಲ, ಬಾಯಿಗೆ ಹತ್ತಿರದ್ದನ್ನು ಅದು ವಾಸನೆಯಿಂದಲೂ ಮೀಸೆಯ ಸ್ಪರ್ಶದಿಂದಲೂ ಹುಡುಕುತ್ತದೆ. ಕಿರಿದಾದ ಬಾಯಿಯ ಆಳವಾದ ಪಾತ್ರೆಯಲ್ಲಿ ತಲೆ ತೂರಿಸುವುದು ಅದಕ್ಕೆ ಇಷ್ಟವಿಲ್ಲ, ಜೋಲುಕಿವಿಯ ಜಾತಿಯದಾದರೆ ಕಿವಿಗಳೂ ನೆನೆಯುತ್ತವೆ.

ನೀರಿಗೆ ಬಾಟಲಿ ತೂಗುಹಾಕಬೇಕೇ, ಬಟ್ಟಲಿಡಬೇಕೇ ಎಂದು ಹಲವರು ಕೇಳುತ್ತಾರೆ. ನಾನು ಬಟ್ಟಲಿನ ಪಕ್ಷ. ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಬಟ್ಟಲಿನಲ್ಲಿ ಮೊಲವು ತಲೆ ಬಾಗಿಸಿ ಸಹಜವಾಗಿ, ಹೆಚ್ಚಾಗಿಯೂ ಕುಡಿಯುತ್ತದೆ. ಕೆ.ಜಿ. ತೂಕಕ್ಕೆ ದಿನಕ್ಕೆ 50ರಿಂದ 150 ಮಿ.ಲೀ. ನೀರು ಬೇಕಾಗುವುದರಿಂದ, ಎರಡು ಕೆ.ಜಿ.ಯ ಮೊಲಕ್ಕೆ ಅರ್ಧ ಲೀಟರ್ ಹಿಡಿಯುವ ಬಟ್ಟಲು ಸರಿಹೋಗುತ್ತದೆ. ಬೆಳಿಗ್ಗೆ ಅಳೆದು ತುಂಬಿಸಿ ಮರುದಿನ ಉಳಿದದ್ದನ್ನು ನೋಡಿದರೆ ಅದರ ಆರೋಗ್ಯದ ಸುಳಿವೂ ಸಿಗುತ್ತದೆ. ಹೆಣ್ಣು ಮೊಲದ ಗದ್ದದ ಕೆಳಗೆ ಹಸುವಿನ ಗಂಗೆದೊಗಲಿನಂತೆ ಜೋಲುವ ಮಡಿಕೆಯೊಂದಿರುತ್ತದೆ. ತುಂಬಿ ತುಳುಕುವ ಅಗಲದ ಬಟ್ಟಲಿನಲ್ಲಿ ಅದು ಪದೇ ಪದೇ ನೆನೆದು ಚರ್ಮ ಕೆಡುವುದನ್ನು ಕಂಡಿದ್ದೇನೆ, ಆದ್ದರಿಂದ ಮುಕ್ಕಾಲಿಗಿಂತ ಹೆಚ್ಚು ತುಂಬಿಸಬೇಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರಿಗೆ ಮಾತ್ರ ಮೆರುಗಿಲ್ಲದ, ದಪ್ಪನೆಯ ಮಣ್ಣಿನ ಬಟ್ಟಲನ್ನು ನೆರಳಿನಲ್ಲಿಡುವುದು ನನ್ನ ರೂಢಿ. ನಮ್ಮ ಮಡಕೆಯ ನೀರಿನಂತೆಯೇ ಅದೂ ತಣ್ಣಗಿರುತ್ತದೆ.

ಎಷ್ಟೇ ಒಳ್ಳೆಯ ಬಟ್ಟಲು ತಂದರೂ ಎಸೆಯುವ ಆಸೆ ಹೋಗದು, ಅದನ್ನು ಬೈದು ಬಿಡಿಸುವುದೂ ವ್ಯರ್ಥ. ಖಾಲಿ ಗೂಡಿನಲ್ಲಿ ಬಟ್ಟಲೊಂದೇ ಅಲುಗಾಡುವ ವಸ್ತುವಾಗಿದ್ದರೆ ಆ ಪ್ರಾಣಿ ಇನ್ನೇನು ಮಾಡೀತು? ನಾರು ಕೆರೆದು ನುಣುಪು ಮಾಡಿದ ತೆಂಗಿನ ಚಿಪ್ಪು, ಬಣ್ಣವಿಲ್ಲದ ರಟ್ಟಿನ ಕೊಳವೆ, ಬಿದಿರಿನ ಚಿಕ್ಕ ಬುಟ್ಟಿ, ಇವುಗಳಲ್ಲಿ ಒಂದೆರಡನ್ನು ಒಳಗೆ ಹಾಕಿದ ಮೇಲೆ ನಮ್ಮ ಗಂಡು ಮೊಲವು ಬಟ್ಟಲಿನ ತಂಟೆಗೆ ಬರುವುದು ಅಪರೂಪವಾಯಿತು. ಪೆಲೆಟ್ಟನ್ನು ಕೆಲವು ದಿನ ಬಟ್ಟಲಿಗೇ ಹಾಕದೆ ಒಣಹುಲ್ಲಿನ ನಡುವೆ ಚೆಲ್ಲಿಬಿಡುತ್ತೇನೆ, ಹುಡುಕಿ ತಿನ್ನುವುದೇ ಅದಕ್ಕೊಂದು ಆಟ. ಎರಡು ಮೊಲಗಳಿದ್ದರೆ ಬಟ್ಟಲುಗಳೂ ಎರಡಿರಲಿ, ಒಂದರ ಪಕ್ಕದಲ್ಲೊಂದಲ್ಲದೆ ಮಾರು ದೂರದಲ್ಲಿರಲಿ. ಸದ್ದು ತಗ್ಗಲೆಂದು ಬಟ್ಟಲಿನ ಅಡಿಗೆ ಗೋಣಿತಾಟು ಹಾಸುವವರಿದ್ದಾರೆ. ಅದರ ನೂಲನ್ನು ಮೊಲ ನುಂಗುತ್ತದೆ, ಹುಲ್ಲಿನ ಚಾಪೆ ವಾಸಿ.

ಸದಾ ಎಸೆದಾಡುವ ಮೊಲವು ಒಂದು ದಿನ ತುಂಬಿದ ಬಟ್ಟಲಿನ ಕಡೆಗೆ ತಿರುಗಿಯೂ ನೋಡದೆ ಮೂಲೆಯಲ್ಲಿ ಕುಳಿತರೆ ಮಾತ್ರ ನಾಳೆ ನೋಡೋಣ ಎನ್ನಬೇಡಿ. ಅರ್ಧ ದಿನ ಮೇವು ಮುಟ್ಟದಿದ್ದರೆ ಅದರ ಕರುಳಿನ ಚಲನೆ ನಿಲ್ಲತೊಡಗುತ್ತದೆ, ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಬಟ್ಟಲನ್ನು ದಿನವೂ ಬಿಸಿನೀರಿನಲ್ಲಿ ತೊಳೆದರೆ ಸಾಕು, ಪರಿಮಳದ ಸೋಪು ಬೇಡ. ಬೋರ್‌ವೆಲ್ ನೀರಿನಿಂದ ಪಿಂಗಾಣಿಗೆ ಕಟ್ಟುವ ಬಿಳಿಯ ಪದರಕ್ಕೆ ಹುಣಿಸೆಹಣ್ಣನ್ನೋ ವಿನೆಗರನ್ನೋ ಹಚ್ಚಿ ಹತ್ತು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿ, ಚೆನ್ನಾಗಿ ಜಾಲಿಸಿ. ಉಜ್ಜುವಾಗ ಅಂಚಿನ ಸುತ್ತ ಬೆರಳಾಡಿಸಿ. ಚಕ್ಕೆ ಎದ್ದಿದ್ದರೆ ಅಥವಾ ಕೂದಲೆಳೆಯಂಥ ಬಿರುಕು ತಾಗಿದರೆ ಆ ಬಟ್ಟಲಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟುಬಿಡಿ. ನಮ್ಮ ಬಾಲ್ಕನಿಯಲ್ಲಿ ಅಂಥವು ಈಗ ಮೂರಿವೆ.