ಹವಾಮಾನ ಕೇಂದ್ರ ತೂಕಡಿಸಿದರೆ ಎಬ್ಬಿಸುವವರು ಯಾರು?

ಮಾಳಿಗೆಯ ಮೇಲೆ ಗಾಳಿಯ ವೇಗ ಅಳೆಯುವ ಬಟ್ಟಲುಗಳು ತಿರುಗುತ್ತಲೇ ಇದ್ದವು. ಕೆಳಗೆ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ದೀಪವೂ ಮಿನುಗುತ್ತಿತ್ತು. ಮನೆಯ ಹವಾಮಾನ ಕೇಂದ್ರದ ಅಳತೆಗಳನ್ನು ಬರೆದಿಡುವ ತಂತ್ರಾಂಶ ನಡೆಯುತ್ತಿದೆಯೇ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ. ಆದರೆ ದಾಖಲೆ ತೆರೆದು ನೋಡಿದಾಗ ಮೂರು ದಿನಗಳಿಂದ ಒಂದು ಸಾಲೂ ಸೇರಿರಲಿಲ್ಲ. ಆ ವರ್ಷದ ಜೋರು ಮಳೆ ಸುರಿದದ್ದೂ ಆ ಮೂರು ದಿನಗಳಲ್ಲೇ.

ಅಂದಿನಿಂದ ನಾನು ತಂತ್ರಾಂಶವನ್ನು ‘ಚೆನ್ನಾಗಿದ್ದೀಯಾ’ ಎಂದು ಕೇಳುವುದನ್ನು ಬಿಟ್ಟು, ಅದು ಕೊನೆಯ ಸಾಲು ಬರೆದದ್ದು ಯಾವಾಗ ಎಂದು ನೋಡುತ್ತೇನೆ. ಇಲ್ಲಿನ ವಿವರ ಲಿನಕ್ಸ್ ಮೇಲೆ ಓಡುವ ‘ವೀವೆಕ್ಸ್’ ಎಂಬ ಉಚಿತ ತಂತ್ರಾಂಶದ್ದು. ಬೇರೆಯದು ಬಳಸುವವರಿಗೂ ದಾರಿ ಇದೇ.

ಮೊದಲು ಸುಲಭದ ಕೆಲಸ. ಲಿನಕ್ಸ್‌ನಲ್ಲಿ ಹಿನ್ನೆಲೆಯ ತಂತ್ರಾಂಶಗಳನ್ನು ನಡೆಸಿ ನೋಡಿಕೊಳ್ಳುವ ‘ಸಿಸ್ಟಮ್‌ಡಿ’ಯ ಸೇವೆಯಾಗಿ ತಂತ್ರಾಂಶವನ್ನು ನಡೆಸಿ, ಅದರ ಕಡತದಲ್ಲಿ ‘ರೀಸ್ಟಾರ್ಟ್’ ಆಯ್ಕೆಯನ್ನು ‘ಆಲ್ವೇಸ್’ ಎಂದು ಬದಲಿಸಿ. ಬಿದ್ದರೆ ತಾನಾಗಿಯೇ ಏಳುತ್ತದೆ. ಇಲ್ಲೊಂದು ಗುಂಡಿಯಿದೆ: ಸಿಸ್ಟಮ್‌ಡಿ ಸಾಮಾನ್ಯವಾಗಿ 0.1 ಸೆಕೆಂಡಿನಲ್ಲೇ ಮರುಪ್ರಯತ್ನ ಮಾಡುತ್ತದೆ, 10 ಸೆಕೆಂಡುಗಳಲ್ಲಿ 5 ಸಲ ಸೋತರೆ ಕೈಚೆಲ್ಲುತ್ತದೆ. ಯುಎಸ್‌ಬಿ ಕೇಬಲ್ ಅರೆಗಳಿಗೆ ಸಡಿಲವಾದರೂ ಸಾಕು, ಸೇವೆ ಶಾಶ್ವತವಾಗಿ ಮಲಗಿಬಿಡುತ್ತದೆ. ಮರುಪ್ರಯತ್ನದ ಅಂತರವನ್ನು 60 ಸೆಕೆಂಡಿಗೆ ಏರಿಸಿದರೆ ಆ ಮಿತಿಗೆ ಸಿಲುಕುವ ಪ್ರಶ್ನೆಯೇ ಇಲ್ಲ.

ಇಷ್ಟು ಮಾಡಿದರೂ ನನ್ನ ಮೂರು ದಿನಗಳು ಉಳಿಯುತ್ತಿರಲಿಲ್ಲ. ಏಕೆಂದರೆ ತಂತ್ರಾಂಶ ಬಿದ್ದಿರಲಿಲ್ಲ. ಕನ್ಸೋಲ್‌ನಿಂದ, ಅಂದರೆ ಹೊರಗಿನ ಸಂವೇದಕಗಳ ಅಳತೆಗಳನ್ನು ಪಡೆಯುವ ಪೆಟ್ಟಿಗೆಯಿಂದ, ಬರಬೇಕಾದ ಉತ್ತರಕ್ಕಾಗಿ ಕಾಯುತ್ತಾ ಕುಳಿತಿತ್ತು. ಆದ್ದರಿಂದ ಎರಡನೆಯ ಕಾವಲು ಬೇಕು, ನಿಜವಾದ ಕೆಲಸವೂ ಇದೇ. ವೀವೆಕ್ಸ್ ಪ್ರತಿ ದಾಖಲೆಯ ಜೊತೆ ಅದರ ಸಮಯವನ್ನು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ, ಡೇಟಾಬೇಸ್‌ಗೆ ಬರೆಯುತ್ತದೆ. ಅವುಗಳಲ್ಲಿ ಅತ್ಯಂತ ದೊಡ್ಡ ಸಂಖ್ಯೆಯನ್ನು ಈಗಿನ ಸಮಯದಿಂದ ಕಳೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ‘ಕ್ರಾನ್’ ಮೂಲಕ ಐದು ನಿಮಿಷಕ್ಕೊಮ್ಮೆ ಓಡಿಸಿ. ದಾಖಲೆಗಳ ಅಂತರ 5 ನಿಮಿಷವಾಗಿದ್ದರೆ, ವ್ಯತ್ಯಾಸ 900 ಸೆಕೆಂಡು ದಾಟಿದಾಗ ಸೇವೆಯನ್ನು ಮರುಪ್ರಾರಂಭಿಸಲಿ. ಅರ್ಧ ಗಂಟೆಯಾದರೂ ಸಾಲು ಬರದಿದ್ದರೆ ಇಡೀ ಕಂಪ್ಯೂಟರನ್ನು ಒಮ್ಮೆ, ದಿನಕ್ಕೆ ಒಂದೇ ಸಲ, ಮರುಚಾಲನೆ ಮಾಡಲಿ. ಆ ಮಿತಿ ಇಡದಿದ್ದರೆ, ಕೆಟ್ಟ ಕೇಬಲ್ಲಿಗಾಗಿ ಯಂತ್ರ ರಾತ್ರಿಯಿಡೀ ಎದ್ದುಬಿದ್ದು ಮೆಮೊರಿ ಕಾರ್ಡನ್ನೂ ಹಾಳುಮಾಡಿಕೊಳ್ಳುತ್ತದೆ. ಸ್ಕ್ರಿಪ್ಟ್ ಬರೆಯಲು ಮನಸ್ಸಿಲ್ಲದವರು ‘ಮೊನಿಟ್’ ಎಂಬ ಕಾವಲು ತಂತ್ರಾಂಶ ಬಳಸಬಹುದು. ಕಡತವೊಂದು ಎಷ್ಟು ಹಳೆಯದಾಗಿದೆ ಎಂದು ನೋಡಿ ಕ್ರಮ ಕೈಗೊಳ್ಳುವುದು ಅದಕ್ಕೂ ಗೊತ್ತು.

ವ್ಯತ್ಯಾಸ ಋಣಾತ್ಮಕವಾಗಿ ಬಂದರೂ ಎಚ್ಚರಿಕೆ ಕೊಡುವಂತೆ ಬರೆಯಿರಿ. ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದು ಅಂತರ್ಜಾಲ ಸಿಗದಿದ್ದರೆ ಯಂತ್ರ ಹಳೆಯ ಸಮಯದಲ್ಲೇ ಏಳುತ್ತದೆ. ಕೊನೆಯ ದಾಖಲೆ ‘ಭವಿಷ್ಯದ್ದು’ ಎಂದಾಗಿ ಸ್ಕ್ರಿಪ್ಟ್ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತದೆ.

ಬೇಗ ಗೊತ್ತಾಗುವುದರಿಂದ ಇನ್ನೊಂದು ಲಾಭವಿದೆ. ಡೇವಿಸ್ ವಾಂಟೇಜ್ ಎಂಬ ಹವಾಮಾನ ಕೇಂದ್ರದ ಡೇಟಾ ಲಾಗರ್, ಅಂದರೆ ದಾಖಲೆ ಉಳಿಸುವ ಬಿಡಿಭಾಗ, 2,560 ದಾಖಲೆಗಳನ್ನು ತಾನೇ ಇಟ್ಟುಕೊಳ್ಳುತ್ತದೆ, ಅಂದರೆ 5 ನಿಮಿಷದ ಅಂತರದಲ್ಲಿ ಸುಮಾರು ಒಂಬತ್ತು ದಿನಗಳ ಬಾಬತ್ತು. ಅಷ್ಟರೊಳಗೆ ತಂತ್ರಾಂಶ ಎದ್ದರೆ ಖಾಲಿ ಜಾಗ ತುಂಬಿಕೊಳ್ಳುತ್ತದೆ. ನನ್ನ ಕನ್ಸೋಲ್‌ಗೆ ಆ ನೆನಪಿನ ಶಕ್ತಿ ಇರಲಿಲ್ಲ.

ಸಾಲುಗಳು ಬರುತ್ತಿದ್ದರೂ ಸಂಖ್ಯೆಗಳು ಹೆಪ್ಪುಗಟ್ಟಿರಬಹುದು. ಮಳೆ ತಿಂಗಳುಗಟ್ಟಲೆ ಸೊನ್ನೆ ಇರುವುದು, ತೇವಾಂಶ ರಾತ್ರಿಯೆಲ್ಲ ನೂರರ ಬಳಿ ನಿಲ್ಲುವುದು ಸಹಜ. ಹೊರಗಿನ ಉಷ್ಣಾಂಶ ಮಾತ್ರ ಆರು ಗಂಟೆಗಳ ಕಾಲ ದಶಮಾಂಶವೂ ಅಲುಗಾಡದೆ ನಿಂತರೆ ಅನುಮಾನಿಸಿ. ಇದಕ್ಕೆ ಮರುಪ್ರಾರಂಭ ಮದ್ದಲ್ಲ, ಸಂದೇಶ ಕಳಿಸಿದರೆ ಸಾಕು.

ಯಂತ್ರವೇ ಸತ್ತರೆ ಸಂದೇಶ ಕಳಿಸುವವರಾರು? ಅದಕ್ಕೆ ಉಲ್ಟಾ ಅಲಾರಂ. ಪರೀಕ್ಷೆ ಪಾಸಾದಾಗಲೆಲ್ಲ ಸ್ಕ್ರಿಪ್ಟ್ ಹೊರಗಿನ ಸರ್ವರ್ ಒಂದರ ಬಾಗಿಲು ತಟ್ಟಬೇಕು. ತಟ್ಟುವುದು ನಿಂತಾಗ ಆ ಸರ್ವರ್ ನಿಮಗೆ ಮಿಂಚಂಚೆ ಕಳಿಸುತ್ತದೆ. ಇದಕ್ಕೆಂದೇ ಇರುವ ಜಾಲಸೇವೆಗಳಿವೆ. ಪೈ ಒಳಗಿನ ವಾಚ್‌ಡಾಗ್ ಚಿಪ್ಪನ್ನೂ ಚಾಲೂ ಮಾಡಿಡಿ. ಇಡೀ ವ್ಯವಸ್ಥೆ ಸ್ತಬ್ಧವಾದರೆ ಸುಮಾರು 15 ಸೆಕೆಂಡುಗಳಲ್ಲಿ ಅದು ಮರುಚಾಲನೆ ಮಾಡುತ್ತದೆ.

ಕೊನೆಗೆ, ಬೇಕೆಂದೇ ಕೆಡಿಸಿ ನೋಡಿ. ‘ಕಿಲ್’ ಆಜ್ಞೆಯ ‘ಸ್ಟಾಪ್’ ಸಂಕೇತ ಕಳಿಸಿದರೆ ತಂತ್ರಾಂಶ ಸಾಯದೆ ಮರಗಟ್ಟುತ್ತದೆ. ಸಿಸ್ಟಮ್‌ಡಿ ಗಮನಿಸುವುದಿಲ್ಲ, ನಿಮ್ಮ ಸ್ಕ್ರಿಪ್ಟ್ ಗಮನಿಸಬೇಕು. ಆಮೇಲೆ ಯಂತ್ರವನ್ನು ಸರಿಯಾಗಿ ಆರಿಸಿ, ಪ್ಲಗ್ ತೆಗೆದು ಮಿಂಚಂಚೆಗಾಗಿ ಕಾಯಿರಿ. ಬರದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ತೆರೆದು ನೋಡಿ. ನನ್ನ ಮೊದಲ ಎಚ್ಚರಿಕೆ ಬೆಚ್ಚಗೆ ಮಲಗಿದ್ದದ್ದು ಅಲ್ಲೇ.