ವೈದ್ಯರ ಚೀಟಿಯ ಮಾತ್ರೆ ಸೇವಿಸುವಾಗ

ಜಯನಗರದ ಮೆಡಿಕಲ್ ಸ್ಟೋರ್‌ನಲ್ಲಿ ಕೊಂಡ ಸ್ಟ್ರಿಪ್‌ನ ಮೇಲೆ ಉದ್ದಕ್ಕೂ ಕೆಂಪು ಗೆರೆಯಿದ್ದರೆ, ಆ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದೆಂದು ಅರ್ಥ. ರಕ್ತದೊತ್ತಡದ ಮಾತ್ರೆಯು ಪಾರ್ಶ್ವವಾಯು, ಹೃದಯಾಘಾತಗಳ ಸಾಧ್ಯತೆಯನ್ನು ತಗ್ಗಿಸುತ್ತದೆ. ಆದರೆ ಬಿಪಿ ಸರಿಯಾಯಿತೆಂದು ತಾವಾಗಿಯೇ ನಿಲ್ಲಿಸುವವರು, ಅದು ಸರಿಯಾಗಿರುವುದೇ ಮಾತ್ರೆಯಿಂದ ಎಂಬುದನ್ನು ಮರೆತಿರುತ್ತಾರೆ. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಚೂರ್ಣವನ್ನೂ (ಅದನ್ನು ಹೇಳಲು ಬಹುತೇಕರು ಸಂಕೋಚಪಡುತ್ತಾರೆ) ಒಂದೇ ಚೀಲದಲ್ಲಿ ಒಯ್ಯಿರಿ. ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು ಮಂಡಿನೋವಿಗೆಂದು ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಮಾತ್ರೆ ನುಂಗಿದ ಮೇಲೆ ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ಕಾಯದೆ 108ಕ್ಕೆ ಕರೆಮಾಡಿ, ಆ ಸ್ಟ್ರಿಪ್ಪನ್ನೂ ಜೊತೆಗೊಯ್ಯಿರಿ.