ಕುಸ್ಕೊದಲ್ಲಿ ಅನ್ನ ಬೇಯಲಿಲ್ಲ

ಪೆರು ದೇಶದ ಲಿಮಾ ಸಮುದ್ರದ ದಡದ ಊರು. ಅಲ್ಲಿ ವಿಮಾನ ಹತ್ತಿದರೆ ಒಂದೂಕಾಲು ಗಂಟೆಯಲ್ಲಿ ಕುಸ್ಕೊ. ಅಷ್ಟರಲ್ಲಿ ಸುಮಾರು 3,400 ಮೀಟರ್ ಮೇಲೆ ಬಂದಿರುತ್ತೇವೆ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದನ್ನು ಹತ್ತಿದವಳು ನಾನು, ಇದೇನು ಮಹಾ ಅಂದುಕೊಂಡಿದ್ದೆ.

ಉಳಿದುಕೊಂಡ ಮನೆಗೆ ಎರಡು ಮಹಡಿ ಮೆಟ್ಟಿಲು. ಸೂಟ್‌ಕೇಸ್ ಎತ್ತಿಕೊಂಡು ಹತ್ತಿದೆ, ಎದೆ ಡವಡವ. ಸಂಜೆಗೆ ತಲೆ ಸಿಡಿಯಲು ಶುರುವಾಯಿತು. ರಾತ್ರಿ ನಿದ್ದೆಯಿಲ್ಲ. ಎತ್ತರದಿಂದ ಬರುವ ಈ ತೊಂದರೆಗೆ ಅಲ್ಲಿಯವರು 'ಸೊರೊಚೆ' ಅನ್ನುತ್ತಾರೆ. ಮನೆಯೊಡತಿ ಕೋಕಾ ಎಲೆಯ ಕಷಾಯ ಕೊಟ್ಟರು. ಒಣಹುಲ್ಲು ಕುದಿಸಿದ ಹಾಗಿತ್ತು, ಬಿಸಿಯಾಗಿ ಹಿತ ಅನ್ನಿಸಿತು ಅಷ್ಟೇ. (ಆ ಎಲೆ ಊರಿಗೆ ತರೋ ಆಸೆ ಬೇಡ, ಕಾನೂನಿನ ತೊಂದರೆ.)

ಮರುದಿನ ಗಂಡ ಅನ್ನಕ್ಕಿಟ್ಟರು. ಕುಕ್ಕರ್ ಇರಲಿಲ್ಲ. ಆ ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಪಾತ್ರೆ ತಳಮಳ ಅಂತಿದೆ, ಅಕ್ಕಿ ಮಾತ್ರ ಒಳಗೆ ಕಲ್ಲು. ಕೊನೆಗೆ ತಂದಿದ್ದ ಅವಲಕ್ಕಿಯೇ ಗತಿ. ಅದರ ಪ್ಯಾಕೆಟ್ಟೋ, ಪೂರಿ ಥರ ಉಬ್ಬಿ ಕೂತಿತ್ತು!

ಮೂರನೇ ದಿನ ಸುಮಾರು 2,800 ಮೀಟರ್ ಎತ್ತರದ ಒಲಾಂಟೈಟಾಂಬೊ ಅನ್ನೋ ಊರಿಗೆ ಹೋದೆವು. ಟ್ಯಾಕ್ಸಿಯಲ್ಲಿ ಎರಡು ಗಂಟೆ. ದಾರಿ ಮೊದಲು ಇನ್ನೂ ಮೇಲೆ ಹತ್ತಿ ಆಮೇಲೆ ಕಣಿವೆಗೆ ಇಳಿಯುತ್ತದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಟ್ಟದ ಮೇಲಿನ ಹಳೆಯ ಕಲ್ಲಿನ ಊರು ಮಾಚು ಪಿಚು ಇನ್ನೂ ಕೆಳಗೆ, 2,430 ಮೀಟರ್. ಎಲ್ಲರೂ ಅದೇ ಎತ್ತರ ಅಂತ ಹೆದರುತ್ತಾರೆ, ಅಲ್ವಾ? ಅದನ್ನೂ ನೋಡಿಕೊಂಡು ಕುಸ್ಕೊಗೆ ವಾಪಸ್ ಬಂದಾಗ ತಲೆನೋವಿನ ಸುಳಿವಿಲ್ಲ. ಈಗ ಯಾರು ಕೇಳಿದರೂ ಒಂದೇ ಹೇಳುತ್ತೇನೆ: ವಿಮಾನ ಇಳಿದವರೇ ಕಣಿವೆಗೆ ಹೋಗಿ, ಕುಸ್ಕೊ ಕೊನೆಗಿಟ್ಟುಕೊಳ್ಳಿ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತ್ರೆಯ ಬಗ್ಗೆ ಕೇಳಿಕೊಳ್ಳಿ.

ಊರನ್ನು ನಿಜವಾಗಿ ನೋಡಿದ್ದು ಆಮೇಲೆ. ಹಾತುನ್ ರೂಮಿಯೋಕ್ ಬೀದಿಯ ಗೋಡೆಯಲ್ಲಿ ಹನ್ನೆರಡು ಮೂಲೆಯ ಕಲ್ಲಿದೆ. ಮುಟ್ಟುವ ಹಾಗಿಲ್ಲ. ಬಗ್ಗಿ ನೋಡಿದೆ. ಗಾರೆ ಇಲ್ಲ. ಕಲ್ಲಿಗೂ ಕಲ್ಲಿಗೂ ನಡುವೆ ಮಡಿಸಿಟ್ಟ ಸೀರೆಯ ಗೆರೆಯಷ್ಟೇ ಸಂದು. ಪಕ್ಕದ ಕಲ್ಲುಗಳು ಅದಕ್ಕೆ ಒರಗಿ ಕೂತಿವೆ.

ಕೊರಿಕಾಂಚ, ಸ್ಪೇನಿನವರಿಗಿಂತ ಮೊದಲು ಇಲ್ಲಿ ಆಳಿದ ಇಂಕಾಗಳ ಸೂರ್ಯ ದೇವಾಲಯ. ಸ್ಪೇನಿನವರು ಅದರ ಮೇಲೆಯೇ ಸ್ಯಾಂಟೊ ಡೊಮಿಂಗೊ ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಮೇಲಿನದು ತುಂಬಾ ಕುಸಿಯಿತು, ಅಡಿಯ ಇಂಕಾ ಗೋಡೆ ನಿಂತಿತು. ಗೋಡೆಗಳು ಸ್ವಲ್ಪ ಒಳಕ್ಕೆ ವಾಲಿವೆ, ಬಾಗಿಲುಗಳು ಕೆಳಗೆ ಅಗಲ, ಮೇಲೆ ಕಿರಿದು. ಒಂದರ ಹಿಂದೊಂದಿರುವ ಕಿಟಕಿಗಳ ಮುಂದೆ ಸುಮ್ನೆ ಅರ್ಧ ಗಂಟೆ ನಿಂತುಬಿಟ್ಟೆ.

ಸಾಕ್ಸಾಯ್‌ವಮಾನ್ ಕೋಟೆ ಊರಿನ ನೆತ್ತಿಯ ಮೇಲಿದೆ. ಟ್ಯಾಕ್ಸಿಯಲ್ಲಿ ಹತ್ತಿ, ನಡೆದು ಇಳಿಯಿರಿ. ನಾವು ಮೆಟ್ಟಿಲಿಗೊಮ್ಮೆ ಏದುಸಿರು ಬಿಡುತ್ತಾ ಇಳಿಯುತ್ತಿದ್ದರೆ, ಯೂನಿಫಾರ್ಮಿನ ಇಬ್ಬರು ಹುಡುಗರು ನಮ್ಮ ಪಕ್ಕದಲ್ಲೇ ಓಡುತ್ತಾ ಮೇಲೆ ಹತ್ತಿ ಹೋದರು.